ಕಂಟ್ರೋಲ್ ಲೇನೂ ಕಪ್ಪು ಬಂದಾಗ

ಎಎಂಪಿಕೆ ಎಂದರೆ ಕೋಶದಲ್ಲಿ ಶಕ್ತಿ ಇಳಿದಾಗ ಚುರುಕಾಗುವ ಕಿಣ್ವ. ಅದರ ಬ್ಲಾಟ್ ಮಾಡುವವರು, ಅಂದರೆ ಅದನ್ನು ಜೆಲ್ಲಿನಲ್ಲಿ ಬೇರ್ಪಡಿಸಿ ಆಂಟಿಬಾಡಿಯಿಂದ ಗುರುತಿಸುವವರು, ಮೊದಲು ನೋಡಬೇಕಾದದ್ದು ಔಷಧ ಹಾಕಿದ ಲೇನನ್ನಲ್ಲ, ಔಷಧ ಹಾಕದ ಕಂಟ್ರೋಲ್ ಲೇನನ್ನು. ಬೆಳಗಾವಿಯ ನಮ್ಮ ಲ್ಯಾಬಿನಲ್ಲಿ ಈಚೆಗೆ ಹೆಪ್‌ಜಿ2 ಎಂಬ ಯಕೃತ್ತಿನ ಕ್ಯಾನ್ಸರ್ ಕೋಶಗಳ ಬ್ಲಾಟ್ ಇಮೇಜರಿಗೆ ಹೋಯಿತು. ಹತ್ತು ಸೆಕೆಂಡಿಗೆ, ಎಎಂಪಿಕೆಯನ್ನು ಚುರುಕಾಗಿಸುವ ಐಕಾರ್ ಔಷಧದ ಲೇನಿನಲ್ಲಿ 62 ಕಿಲೋಡಾಲ್ಟನ್ ಹತ್ತಿರ ಫಾಸ್ಫೋ ಬ್ಯಾಂಡ್ (ಫಾಸ್ಫೇಟ್ ಅಂಟಿದ, ಅಂದರೆ ಚುರುಕಾದ ಎಎಂಪಿಕೆಯ ಗುರುತು) ಎದ್ದಿತು. ಪಕ್ಕದ ಕಂಟ್ರೋಲಿನಲ್ಲೂ ಅಷ್ಟೇ ಕಪ್ಪು. ಎಕ್ಸ್‌ಪೋಶರ್ ಇಳಿಸಿದರೂ ವ್ಯತ್ಯಾಸ ಕಾಣಲಿಲ್ಲ. ಸ್ಕ್ರೀನ್ ಮುಂದೆ ಯಾರೂ ಮಾತಾಡಲಿಲ್ಲ. ಕೊನೆಗೆ ಒಬ್ಬರು ಅಂದರು, "ಆಂಟಿಬಾಡಿ ಕೆಟ್ಟೈತ್ರೀ ಮೇಡಂ, ಹೊಸಾದು ತರಸೂಣು."

ಆಂಟಿಬಾಡಿ ಕೆಟ್ಟಿರಲಿಲ್ಲ. ಎಎಂಪಿಕೆ ಫಾಸ್ಫೇಟ್ ಹಚ್ಚುವ ಎಸಿಸಿ ಎಂಬ ಪ್ರೋಟೀನಿನ ಸೆರಿನ್ 79 ಜಾಗದ ಬ್ಲಾಟಿನಲ್ಲೂ ಅದೇ ಚಿತ್ರ. ಅಂದರೆ ಕಂಟ್ರೋಲಿನಲ್ಲೂ ಕಿಣ್ವ ನಿಜವಾಗಿಯೇ ಚುರುಕಾಗಿತ್ತು.

ತಪ್ಪಿದ್ದು ಕೋಶ ಎತ್ತುವಾಗ. ಟ್ರಿಪ್ಸಿನ್ ಹಾಕಿ ಪ್ಲೇಟಿನಿಂದ ಬಿಡಿಸಿ, ಸ್ಪಿನ್ ಮಾಡಿ, ತಳಕ್ಕೆ ಕುಳಿತ ಕೋಶಗಳ ಪೆಲೆಟ್ಟನ್ನು ಮೇಲಿನ ಮಹಡಿಯ ಕೋಲ್ಡ್ ಸೆಂಟ್ರಿಫ್ಯೂಜಿಗೆ ಒಯ್ದಿದ್ದರು. ಒತ್ತೊತ್ತಾಗಿ ಕುಳಿತ ಪೆಲೆಟ್ಟಿಗೆ ಆಮ್ಲಜನಕವೂ ಸಾಲದು, ಗ್ಲೂಕೋಸೂ ಸಾಲದು. ಕೋಶದ ಇಂಧನವಾದ ಎಟಿಪಿ ಸ್ವಲ್ಪವೇ ಇಳಿದರೂ ಅಡಿನೈಲೇಟ್ ಕೈನೇಸ್ ಎಂಬ ಕಿಣ್ವ ಎರಡು ಎಡಿಪಿಯಿಂದ ಒಂದು ಎಟಿಪಿ, ಒಂದು ಎಎಂಪಿ ಮಾಡುತ್ತದೆ. ಮೊದಲೇ ಅತ್ಯಲ್ಪವಿದ್ದ ಎಎಂಪಿ ಹಲವು ಪಟ್ಟು ಏರುತ್ತದೆ. ಅದು ಎಎಂಪಿಕೆಯ ಗ್ಯಾಮಾ ಉಪಘಟಕಕ್ಕೆ ಅಂಟಿಕೊಂಡರೆ ಎಲ್‌ಕೆಬಿ1 ಕಿಣ್ವ ಎಎಂಪಿಕೆಯ ಥ್ರಿಯೋನಿನ್ 172ಕ್ಕೆ ಫಾಸ್ಫೇಟ್ ಹಚ್ಚುವುದು ಸಲೀಸು, ಫಾಸ್ಫಟೇಸಿಗೆ ಅದನ್ನು ಕೀಳುವುದು ಕಷ್ಟ. ಇದೆಲ್ಲ ನಿಮಿಷಗಳಲ್ಲಿ ನಡೆಯುತ್ತದೆ.

ಆದ್ದರಿಂದ ಟ್ರಿಪ್ಸಿನ್ ಬೇಡ, ಕೋಶಗಳನ್ನು ಕೆರೆದು ತೆಗೆಯುವ ಸ್ಕ್ರೇಪರೇ ಸರಿ. ಇನ್‌ಕ್ಯುಬೇಟರಿನಿಂದ ಒಂದು ಸಲಕ್ಕೆ ಒಂದೇ ಪ್ಲೇಟ್ ತೆಗೆದು ಐಸ್ ಮೇಲಿಡಿ. ಮೀಡಿಯಾ ಎಳೆದು, ತಣ್ಣನೆಯ ಪಿಬಿಎಸ್‌ನಲ್ಲಿ ಒಮ್ಮೆ ತೊಳೆದು, ತಕ್ಷಣ ಕೋಶ ಒಡೆಯುವ ಲೈಸಿಸ್ ಬಫರ್ ಸುರಿದು ಕೆರೆಯಿರಿ. ಪ್ಲೇಟಿನಿಂದ ಬಫರಿಗೆ ಒಂದು ನಿಮಿಷ ದಾಟಬಾರದು. ಫಾಸ್ಫಟೇಸನ್ನು ತಡೆಯಲು ಬಫರಿನಲ್ಲಿ 50 ಮಿಲಿಮೋಲಾರ್ ಸೋಡಿಯಂ ಫ್ಲೋರೈಡ್, 5 ಪೈರೋಫಾಸ್ಫೇಟ್, 1 ಆರ್ಥೋವನಡೇಟ್ ಬೇಕೇ ಬೇಕು. ಮೀಡಿಯಾ ಹಳದಿಗೆ ತಿರುಗಿದ, ಕಿಕ್ಕಿರಿದ ಪ್ಲೇಟ್ ಬಳಸಬೇಡಿ. ಅಲ್ಲಿನ ಕೋಶಗಳು ಆಗಲೇ ಹಸಿದಿರುತ್ತವೆ. ಕರೆಂಟ್ ಹೋಗಿ ಸಿಒ2 ತಪ್ಪಿದ ದಿನದ ಪ್ಲೇಟೂ ಬೇಡ. ಎಸಿಸಿ ದೊಡ್ಡ ಪ್ರೋಟೀನ್, ಸುಮಾರು 280 ಕಿಲೋಡಾಲ್ಟನ್. ಅದಕ್ಕೆ 6% ಜೆಲ್, ರಾತ್ರಿಯಿಡೀ ಕೋಲ್ಡ್ ರೂಮಿನಲ್ಲಿ 30 ವೋಲ್ಟ್ ಟ್ರಾನ್ಸ್‌ಫರ್.

ಆಂಟಿಬಾಡಿಯ ಇಂಡೆಂಟಿಗೆ ಮೇಲಿನವರು ಬೇಗ ಸಹಿ ಹಾಕುತ್ತಾರೆ. ಕಲ್ಚರ್ ರೂಮಿಗೊಂದು ಕೋಲ್ಡ್ ಸೆಂಟ್ರಿಫ್ಯೂಜ್ ಕೇಳಿದ ಫೈಲ್ ಮಾತ್ರ ಇನ್ನೂ ಅಲ್ಲೇ ಇದೆ. ನಿಜವಾಗಿ ಬೇಕಿರುವುದು ಅದು.

ಇನ್ನೊಂದು ಮಾತು: ಹೀಲಾ, ಎ549 ಎಂಬ ಕ್ಯಾನ್ಸರ್ ಕೋಶಗಳಲ್ಲಿ ಎಲ್‌ಕೆಬಿ1 ಇಲ್ಲ. ಅಲ್ಲಿ ಐಕಾರ್ ಹಾಕಿ ಬ್ಯಾಂಡ್ ಬರಲಿಲ್ಲವೆಂದು ಔಷಧವನ್ನು ದೂರಬೇಡಿ. ಪಾಸಿಟಿವ್ ಕಂಟ್ರೋಲಿಗೆ, ಅಂದರೆ ಬ್ಯಾಂಡ್ ಬರಲೇಬೇಕಾದ ಲೇನಿಗೆ, ಅಯನೋಮೈಸಿನ್ 1 ಮೈಕ್ರೋಮೋಲಾರ್ ಹಾಕಿ. ಅದು ಕ್ಯಾಲ್ಸಿಯಂ ಏರಿಸಿ ಕ್ಯಾಮ್‌ಕೆಕೆ2 ಎಂಬ ಇನ್ನೊಂದು ಕಿಣ್ವದ ದಾರಿಯಿಂದ ಅದೇ ಥ್ರಿಯೋನಿನನ್ನು ಮುಟ್ಟುತ್ತದೆ.