ಬೆಂಗಳೂರು–ಮಂಗಳೂರು ಲೈನ್ ಅಪ್‌ಗ್ರೇಡ್: ಆರು ವಾರದ ಡೈರಿ

1ನೇ ವಾರ

"ಮತ್ತೆ ರಸ್ತೆ ಅಗೀತೀರಾ?" ಈ ಕೆಲಸ ಶುರುವಾದಾಗಿಂದ ಸಿಕ್ಕವರೆಲ್ಲ ಕೇಳುವುದು ಇದೊಂದೇ. ಇಲ್ಲ, ಅಗೆಯಲ್ಲ. ಡೇಟಾವನ್ನು ಬೆಳಕಾಗಿ ಒಯ್ಯುವ ನೆಲದಡಿಯ ಫೈಬರ್ ಹಾಗೇ ಇರುತ್ತದೆ. ಬದಲಾಗುವುದು ಎರಡೂ ತುದಿಯ ಪೆಟ್ಟಿಗೆಗಳು, ನಡುವೆ ಒಂದಷ್ಟು ಸಾಮಾನು.

ನಮ್ಮ ಲೈನ್ ಸುಮಾರು 350 ಕಿ.ಮೀ. ಕುಣಿಗಲ್, ಚನ್ನರಾಯಪಟ್ಟಣ, ಸಕಲೇಶಪುರ, ಉಪ್ಪಿನಂಗಡಿ, ಈ ನಾಲ್ಕು ಕಡೆ ಮಂಕಾದ ಬೆಳಕನ್ನು ಮತ್ತೆ ಜೋರು ಮಾಡುವ ಆಂಪ್ಲಿಫೈಯರ್ ಇದೆ. ಸದ್ಯ ಒಂದು ಜೋಡಿ ಫೈಬರ್‌ನಲ್ಲಿ 40 ಅಲೆಗಳು, ಅಂದರೆ ಬೇರೆ ಬೇರೆ ಬಣ್ಣದ ಬೆಳಕು, ಓಡುತ್ತಿವೆ. ಒಂದೊಂದೂ 10 ಜಿಬಿಪಿಎಸ್, ಎಲ್ಲ ಸೇರಿ 400. ತುದಿಯ ಪೆಟ್ಟಿಗೆಗೆ ಹಾಕುವ ಹೊಸ ಕಾರ್ಡಿನಲ್ಲಿ ಒಂದೇ ಅಲೆ 400 ಹೊರುತ್ತದೆ. ಅಲೆಯೊಂದಕ್ಕೆ 75 ಗಿಗಾಹರ್ಟ್ಸ್ ಜಾಗ ಕೊಟ್ಟರೆ 4.8 ಟೆರಾಹರ್ಟ್ಸ್ ಬ್ಯಾಂಡಿನಲ್ಲಿ 64 ಅಲೆ ಹಿಡಿಸುತ್ತವೆ. ಲೆಕ್ಕಕ್ಕೆ 25.6 ಟೆರಾಬಿಟ್. ನಾವು ಈಗ ಹಾಕುತ್ತಿರುವುದು ನಾಲ್ಕೇ ನಾಲ್ಕು, ಜಾಸ್ತಿ ಹಿಗ್ಗುವುದು ಬೇಡ.

2 ಮತ್ತು 3ನೇ ವಾರ

100ಜಿ (100 ಜಿಬಿಪಿಎಸ್) ಅಲೆ ಸ್ವಲ್ಪ ಗಲೀಜು ಲೈನಾದರೂ ತಡೆದುಕೊಳ್ಳುತ್ತದೆ. ಬೆಳಕು ಗದ್ದಲಕ್ಕಿಂತ 12–13 ಡಿಬಿ (ಡೆಸಿಬೆಲ್, ಬೆಳಕಿನ ಏರಿಳಿತದ ಅಳತೆ) ಮೇಲಿದ್ದರೆ ಅದಕ್ಕೆ ಸಾಕು. 400ಜಿಗೆ 24ರ ಹತ್ತಿರ ಬೇಕು. ಅದರ ಮೇಲೆ ಇನ್ನೂ 3 ಡಿಬಿ ಮಾರ್ಜಿನ್ ಇರದಿದ್ದರೆ ಲೈನ್ ಒಪ್ಪಿಕೊಳ್ಳುವುದಿಲ್ಲ ಅಂತ ಮೊದಲೇ ತೀರ್ಮಾನಿಸಿದ್ದೆವು. ಲೆಕ್ಕ ಹಾಕಿದರೆ ಬರುತ್ತಿದ್ದದ್ದು ಒಂದೂವರೆ.

ಕಳ್ಳ ಯಾರು ಅಂತ ಹುಡುಕಬೇಕಾಗಿ ಬರಲಿಲ್ಲ. ಸಕಲೇಶಪುರ–ಉಪ್ಪಿನಂಗಡಿ, ಅಂದರೆ ಶಿರಾಡಿ ಘಾಟಿ. ಅಲ್ಲಿ 17–18 ಡಿಬಿ ನಷ್ಟ ಇರಬೇಕಾದ ಕಡೆ ಮೀಟರ್ 24.1 ತೋರಿಸುತ್ತಿತ್ತು. ಸಕಲೇಶಪುರದಿಂದ ಓಟಿಡಿಆರ್ ಹಚ್ಚಿದೆವು, ಫೈಬರಿನಲ್ಲಿ ಎಷ್ಟು ದೂರಕ್ಕೆ ಎಷ್ಟು ನಷ್ಟ ಅಂತ ಗೆರೆ ಎಳೆದು ತೋರಿಸುವ ಮೀಟರ್ ಅದು. ಗೆರೆ ಮೆಟ್ಟಿಲು ಮೆಟ್ಟಿಲಾಗಿ ಇಳಿದಿತ್ತು. ನಕ್ಷೆಯಲ್ಲಿ ಇಲ್ಲದ 19 ಜಾಯಿಂಟ್! ಗುಡ್ಡ ಜಾರಿದಾಗೆಲ್ಲ, ರಸ್ತೆ ಅಗಲ ಮಾಡಿದಾಗೆಲ್ಲ ಕಟ್ ಆಗಿದೆ. ರಾತ್ರೋರಾತ್ರಿ ಯಾರೋ ಮಳೆಯಲ್ಲಿ ಕೂತು ಜೋಡಿಸಿದ್ದಾರೆ. ಅವರನ್ನು ಬೈಯಲು ಮನಸ್ಸು ಬರಲ್ಲ.

ಆದರೆ 31.4 ಕಿ.ಮೀ.ನಲ್ಲಿ ಒಂದು ಮೆಟ್ಟಿಲು ವಿಚಿತ್ರವಾಗಿತ್ತು. 1550 ನ್ಯಾನೋಮೀಟರ್ ಬೆಳಕಿಗೆ 2.6 ಡಿಬಿ ನಷ್ಟ, ಅದೇ ಜಾಗದಲ್ಲಿ 1310ಕ್ಕೆ ಬರೀ 0.3. ನಮ್ಮ ಜೊತೆ ಬಂದಿದ್ದ ಪುತ್ತೂರು ಕಡೆಯ ಸ್ಪ್ಲೈಸಿಂಗ್ (ಫೈಬರ್ ಜೋಡಿಸುವ) ಅಣ್ಣ ಸ್ಕ್ರೀನ್ ನೋಡಿದವರೇ, "ಜಾಯಿಂಟ್ ಅಲ್ಲ ಮಾರಾಯ್ರೆ, ಬೆಂಡು" ಅಂದರು. ಅವರು ಹೇಳಿದ್ದು ಸರಿ. ಜಾಯಿಂಟ್ ಕೆಟ್ಟಿದ್ದರೆ ಎರಡೂ ಬೆಳಕಿಗೆ ಹೆಚ್ಚು ಕಮ್ಮಿ ಒಂದೇ ಪೆಟ್ಟು ಬೀಳುತ್ತದೆ. ಫೈಬರ್ ಬಗ್ಗಿದ್ದರೆ ಉದ್ದ ಅಲೆಯೇ ಮೊದಲು ಸೋರುವುದು.

ಓಟಿಡಿಆರ್ ಹೇಳುವುದು ಫೈಬರಿನ ಉದ್ದ, ರಸ್ತೆಯದ್ದಲ್ಲ. ಪ್ರತಿ ಕೇಬಲ್ ಗುಂಡಿ, ಅಂದರೆ ಚೇಂಬರ್‌ನಲ್ಲೂ ಹತ್ತಿಪ್ಪತ್ತು ಮೀಟರ್ ಸುರುಳಿ ಬಿಟ್ಟಿರುತ್ತಾರಲ್ವಾ. ಹಾಗಾಗಿ ಸ್ವಲ್ಪ ಹಿಂದೆ, ಗುಂಡ್ಯಕ್ಕೆ ಮೊದಲೇ ಹುಡುಕಿದೆವು. ಮೂರನೇ ಚೇಂಬರ್‌ನಲ್ಲಿ ಸಿಕ್ಕಿತು. ಮೊಣಕಾಲುದ್ದ ನೀರು, ಕಾಲಿಗೆ ಇಂಬಳ. ಕ್ಲೋಷರ್ (ಜಾಯಿಂಟ್ ಇಡುವ ಡಬ್ಬಿ) ಬಿಚ್ಚಿದರೆ ಟ್ರೇಯ ಮುಚ್ಚಳದ ಅಂಚಿಗೆ ನಮ್ಮ ಕಿತ್ತಳೆ ಎಳೆ ಸಿಕ್ಕಿಹಾಕಿಕೊಂಡು ಮಡಚಿತ್ತು. ಅಣ್ಣ ಉಗುರಿನ ತುದಿಯಲ್ಲಿ ಎತ್ತಿ, ಅಗಲವಾಗಿ ಸುತ್ತಿ ಕೂರಿಸಿದರು. ಎರಡು ನಿಮಿಷದ ಕೆಲಸ. ಸಕಲೇಶಪುರಕ್ಕೆ ಫೋನ್ ಮಾಡಿದರೆ, ಆ ಮೆಟ್ಟಿಲೇ ಮಾಯ!

ಆಮೇಲೆ ತೀರಾ ಕೆಟ್ಟಿದ್ದ ನಾಲ್ಕು ಜಾಯಿಂಟ್ ಹೊಸದಾಗಿ ಮಾಡಿದೆವು. 24.1 ಇದ್ದದ್ದು 20.3ಕ್ಕೆ ಬಂತು. ಅಷ್ಟಕ್ಕೇ ನಿಲ್ಲಿಸಿದೆವು. 19ನ್ನೂ ಬಿಚ್ಚುತ್ತಾ ಕೂತರೆ ಮುಂದಿನ ಮಳೆಗಾಲ ಬರುತ್ತದೆ.

4ನೇ ವಾರ

ಈ ವಾರ ಡಿಸಿಎಫ್ ಅನ್ನುವ ಹಳೇ ಪೆಟ್ಟಿಗೆಗಳನ್ನು ತೆಗೆಯುವ ಕೆಲಸ. ಫೈಬರಿನಲ್ಲಿ ದೂರ ಹೋದ ಹಾಗೆ ಬೆಳಕಿನ ಮಿಡಿತ ಹರಡಿ ಒಂದರ ಮೇಲೊಂದು ಬೀಳುತ್ತದೆ. ಹಳೇ 10ಜಿ ಕಾರ್ಡಿಗೆ ಅದನ್ನು ಬಿಡಿಸಿಕೊಳ್ಳಲು ಬರಲ್ಲ. ಅದಕ್ಕೇ ಪ್ರತಿ ಸೈಟಿನಲ್ಲೂ ಉಲ್ಟಾ ಗುಣದ ಫೈಬರ್ ಸುತ್ತಿಟ್ಟ ಒಂದು ಪೆಟ್ಟಿಗೆ ಇಟ್ಟಿದ್ದರು. ಹೊಸ ಕಾರ್ಡಿನ ಚಿಪ್ ಆ ಕೆಲಸವನ್ನು ಲೆಕ್ಕದಲ್ಲೇ ಮಾಡಿ ಮುಗಿಸುತ್ತದೆ, ಪೆಟ್ಟಿಗೆ ಬೇಕಿಲ್ಲ. ಎಲ್ಲ ಪೆಟ್ಟಿಗೆಗಳ ಸುರುಳಿ ಬಿಚ್ಚಿದರೆ ಹತ್ತಿರ ಹತ್ತಿರ 65 ಕಿ.ಮೀ. ಆಗುತ್ತದೆ. ಇಷ್ಟು ವರ್ಷ ಮಂಗಳೂರಿಗೆ ಹೊರಟ ಡೇಟಾ ಪೆಟ್ಟಿಗೆಯೊಳಗೇ 65 ಕಿ.ಮೀ. ಸುತ್ತಿ ಬರುತ್ತಿತ್ತು, ಪಾಪ. ತೆಗೆದ ಮೇಲೆ ಒಂದು ದಿಕ್ಕಿಗೆ ಸುಮಾರು 0.3 ಮಿಲಿಸೆಕೆಂಡ್ ಉಳಿತಾಯ.

ಆದರೆ ಒಂದೇ ಒಂದು 10ಜಿ ಉಳಿದಿದ್ದರೂ ಪೆಟ್ಟಿಗೆ ಮುಟ್ಟುವ ಹಾಗಿಲ್ಲ. ಅದಕ್ಕೇ ಮೊದಲು ಸ್ವಲ್ಪ ಜಾಗ ಬಿಟ್ಟು ಪಕ್ಕದಲ್ಲಿ 100ಜಿ ಅಲೆಗಳನ್ನು ಹಚ್ಚಿದೆವು. ಹತ್ತಿರ ಹಚ್ಚಿದರೆ 10ಜಿಯ ಮಿನುಗು ಇದಕ್ಕೆ ತೊಂದರೆ ಕೊಡುತ್ತದೆ. ಹಳೇ ಗ್ರಾಹಕರನ್ನು ರಾತ್ರಿ ರಾತ್ರಿ ಅದಕ್ಕೆ ದಾಟಿಸಿದೆವು. ಕೊನೆಗೆ ಉಳಿದದ್ದು ಒಂದು ಬ್ಯಾಂಕಿನ ಲಿಂಕ್. ಅವರು ಎರಡನೇ ಶನಿವಾರ ರಾತ್ರಿ ಬಿಟ್ಟು ಬೇರೆ ದಿನ ಶಟ್‌ಡೌನ್ ಕೊಡಲಿಲ್ಲ. ಅಲ್ಲಿವರೆಗೆ ಸುಮ್ನೆ ಕೂತೆವು.

ಚನ್ನರಾಯಪಟ್ಟಣದಲ್ಲಿ ನನ್ನದೇ ಒಂದು ಎಡವಟ್ಟು. ಪೆಟ್ಟಿಗೆ ತೆಗೆದ ಜಾಗದಲ್ಲಿ ಅಷ್ಟೇ ನಷ್ಟದ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ತುಂಡು) ಹಾಕಬೇಕು. ಬರೀ ಪ್ಯಾಚ್ ಕೇಬಲ್ ಚುಚ್ಚಿಬಿಟ್ಟೆ. ಆಂಪ್ಲಿಫೈಯರ್ ಓರೆಯಾಯಿತು, ಒಂದು ತುದಿಯ ಅಲೆಗಳು ಜೋರು, ಇನ್ನೊಂದು ತುದಿಯವು ಮಂಕು. ಅರ್ಧ ಗಂಟೆ ಕಾರ್ಡನ್ನೇ ಅನುಮಾನಿಸಿದೆ.

5ನೇ ವಾರ

ಕಾರ್ಡ್ ಕೂರಿಸಿದ್ದು, ಕನೆಕ್ಟರ್ ಒರೆಸಿದ್ದು. ಬೆಳಕು ಹೋಗುವ ದಾರಿ 9 ಮೈಕ್ರಾನ್, ತಲೆಕೂದಲಿಗಿಂತ ಎಷ್ಟೋ ಸಣ್ಣ. ಅಲ್ಲಿ ಧೂಳು ಕೂತಿದ್ದರೆ ಆಂಪ್ಲಿಫೈಯರ್ ಬೆಳಕಿಗೆ ಅದು ಸುಟ್ಟು ಅಂಟಿಕೊಳ್ಳುತ್ತದೆ, ಮತ್ತೆ ಒರೆಸಿದರೆ ಹೋಗಲ್ಲ. ಸ್ಕೋಪಿನಲ್ಲಿ ನೋಡದೆ ಯಾರೂ ಚುಚ್ಚಬೇಡಿ ಅಂತ ರ‍್ಯಾಕಿನ ಮೇಲೆ ಚೀಟಿ ಅಂಟಿಸಿದ್ದೇನೆ.

6ನೇ ವಾರ

ನಾಲ್ಕೂ ಅಲೆ ಹತ್ತಿದವು. ಮಾರ್ಜಿನ್ 3.4! 72 ಗಂಟೆ ಟೆಸ್ಟ್ ಶುರು ಮಾಡಿದೆವು. 31ನೇ ಗಂಟೆಗೆ ನಾಲ್ಕೂ ಒಟ್ಟಿಗೆ ಕೆಂಪಾದವು. ನೆಲ್ಯಾಡಿ ಹತ್ತಿರ ರಸ್ತೆ ಕೆಲಸದ ಜೆಸಿಬಿ ಕೇಬಲ್ ಎತ್ತಿ ಹಾಕಿತ್ತು. ಡೇಟಾ ಟ್ರಾಫಿಕ್ಕೆಲ್ಲ ಮಡಿಕೇರಿ ಕಡೆಯ ಲೈನಿಗೆ ಹೋಯಿತು, ಗ್ರಾಹಕರಿಗೆ ಗೊತ್ತೇ ಆಗಲಿಲ್ಲ. ನಡುವೆ ತುಂಡು ಹಾಕಿ ಜೋಡಿಸಿದ್ದರಿಂದ ಇನ್ನೆರಡು ಜಾಯಿಂಟ್ ಸೇರಿದವು. ಈ ಸಲ ನಕ್ಷೆಯಲ್ಲಿ ಬರೆದಿಟ್ಟಿದ್ದೇನೆ, 20 ಮತ್ತು 21. ಮಾರ್ಜಿನ್ 3.3.

ಟೆಸ್ಟ್ ಸೊನ್ನೆಯಿಂದ ಮತ್ತೆ ಶುರುವಾಗಿದೆ. ಇದನ್ನು ಬರೆಯುವಾಗ 9ನೇ ಗಂಟೆ.