ಘಟ್ಟ ಇಳಿಯದೇ ಸಿಗಬೇಕಾದ ಚಿಕಿತ್ಸೆ

ಶಿರಸಿಯಲ್ಲಿ ನಮ್ಮ ನೆಂಟರ ಹುಡುಗನೊಬ್ಬ ಪಿಯುಸಿ ಓದುತ್ತಿದ್ದಾನೆ. ಈಚೆಗೆ ಅವನಿಗೆ ರಾತ್ರಿ ನಿದ್ದೆಯಿಲ್ಲ. ಅನ್ನ ಕಲಸಿ, ಹಾಗೇ ಬಿಟ್ಟು ಏಳುತ್ತಾನೆ. ಮನೆಯವರು ಮೊದಲು ಮೊಬೈಲ್ ಜಾಸ್ತಿಯಾಯ್ತು ಅಂದರು. ಆಮೇಲೆ ದೃಷ್ಟಿ ತೆಗೆದರು, ಹರಕೆ ಹೊತ್ತರು. ಹರಕೆ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಜೊತೆಗೆ ಮನಸ್ಸಿನ ಡಾಕ್ಟರೂ ಬೇಕಲ್ವಾ?

ನಮ್ಮ ಜಿಲ್ಲೆಯಲ್ಲಿ ದೂರವೇ ದೊಡ್ಡ ಕಷ್ಟ. ಕಾರವಾರದ ದೊಡ್ಡಾಸ್ಪತ್ರೆಗೆ ಹೋಗಬೇಕೆಂದರೆ ದೇವಿಮನೆ ಘಟ್ಟ ಇಳಿದು, ಕುಮಟಾ, ಅಂಕೋಲಾ ದಾಟಬೇಕು. ಅಪ್ಪ ಕೆಲಸ ಬಿಡಬೇಕು, ಹುಡುಗ ಕ್ಲಾಸ್ ಬಿಡಬೇಕು. 2024ರ ಜುಲೈನಲ್ಲಿ ಅಂಕೋಲಾ ತಾಲೂಕಿನ ಶಿರೂರಲ್ಲಿ ಗುಡ್ಡ ಕುಸಿದಾಗ ಆ ದಾರಿಯ ಹೆದ್ದಾರಿಯೂ ಬಂದಾಗಿತ್ತು. ಮನೋವೈದ್ಯರೇ ತಾಲೂಕು ಆಸ್ಪತ್ರೆಗೆ ಬಂದು ನೋಡುವ ‘ಮನೋಚೈತನ್ಯ’ ಯೋಜನೆ ಮಾಡಿದ್ದು ಇದಕ್ಕೇ. ಮಂಗಳವಾರದ ಕ್ಲಿನಿಕ್ ಅದು. ಹದಿಹರೆಯದವರಿಗೆ ಸ್ನೇಹ ಕ್ಲಿನಿಕ್ ಅಂತಲೂ ಇದೆ. ಇದನ್ನೆಲ್ಲ ಹೈಸ್ಕೂಲಿನ ಪಾಲಕರ ಸಭೆಯಲ್ಲೇ ಹೇಳಬೇಕು. ಅಪ್ಪ ಅಮ್ಮನನ್ನೂ ಜೊತೆಗೆ ಕೂರಿಸಿ ಮಾತಾಡುವ ಆಪ್ತಸಮಾಲೋಚಕರು ಪ್ರತಿ ತಾಲೂಕಿನಲ್ಲೂ ಬೇಕು. ಹುಡುಗನಿಗೆ ಮಾತ್ರೆ ಕೊಟ್ಟು, ಮನೆಯಲ್ಲಿ ಮಾರ್ಕ್ಸಿನ ಜಗಳ ಹಾಗೇ ಮುಂದುವರಿದರೆ ಏನು ಬಂತು?

ಸದ್ಯಕ್ಕೆ ಒಂದು ನಂಬರ್ ಬರೆದಿಟ್ಟುಕೊಳ್ಳಿ: 14416. ಟೆಲಿ ಮಾನಸ್ ಅಂತ, ಮಾನಸಿಕ ಆರೋಗ್ಯಕ್ಕೆ ಸರ್ಕಾರದ ಸಹಾಯವಾಣಿ, 2022ರಲ್ಲಿ ಶುರುವಾಗಿದ್ದು. ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು. ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳೂ ಮಾಡಬಹುದು, ಪಾಲಕರೂ ಮಾಡಬಹುದು. ನಿಮ್ಮ ಮಕ್ಕಳ ಶಾಲೆಯ ಗ್ರೂಪಿಗೂ ಹಾಕಿ.