ಅಕ್ಕನ ಮಗಳ ಜೊತೆ ಯೂಟಾದ ಕೆಂಪು ಬಂಡೆಗಳ ನಾಡಿಗೆ: ಎಂಟು ದಿನದ ಲೆಕ್ಕಾಚಾರ

ಜಯಾನ್, ಬ್ರೈಸ್, ಕ್ಯಾಪಿಟಲ್ ರೀಫ್, ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್. ಅಮೆರಿಕದ ಯೂಟಾ ರಾಜ್ಯದ ಈ ಐದು ನ್ಯಾಷನಲ್ ಪಾರ್ಕುಗಳನ್ನು ದೊಡ್ಡವರು ಐದು ದಿನದಲ್ಲಿ ಮುಗಿಸಿಬಿಡುತ್ತಾರೆ. ಜೊತೆಗೆ ಏಳರಿಂದ ಹನ್ನೆರಡು ವರ್ಷದ ಅಕ್ಕನ ಮಗಳೋ ತಮ್ಮನ ಮಗನೋ ಇದ್ದರೆ ಎಂಟು ದಿನ ಬೇಕು. ದಿನಕ್ಕೆ ಒಂದೇ ದೊಡ್ಡ ನಡಿಗೆ, ಅದೂ ಬೆಳಿಗ್ಗೆಯೇ. ಮಧ್ಯಾಹ್ನ ನೆರಳು, ಸಂಜೆ ಏನಾದರೂ ಚಿಕ್ಕದು. ಇದನ್ನು ಬಿಟ್ಟು ಪಟ್ಟಿ ಉದ್ದ ಮಾಡಿದರೆ ಮೂರನೆಯ ದಿನಕ್ಕೆ ಮಗು ಕಾರಿನಿಂದ ಇಳಿಯಲು ಒಪ್ಪುವುದಿಲ್ಲ. ಗ್ರ್ಯಾಂಡ್ ಕ್ಯಾನಿಯನ್ ದಕ್ಷಿಣ ಅಂಚನ್ನೂ ಇದರಲ್ಲೇ ತುರುಕುವ ಆಸೆ ಎಲ್ಲರಿಗೂ ಬರುತ್ತದೆ. ಜಯಾನ್‌ನಿಂದ ಅಲ್ಲಿಗೆ ಐದು ಗಂಟೆಯ ದಾರಿ. ಅದನ್ನು ಬೇರೆ ಪ್ರವಾಸಕ್ಕೆ ಇಟ್ಟುಕೊಳ್ಳಿ.

ದಾರಿ ಹೀಗೆ: ಲಾಸ್ ವೇಗಸ್‌ನಲ್ಲಿ ವಿಮಾನ ಇಳಿದು, ಸಾಲ್ಟ್ ಲೇಕ್ ಸಿಟಿಯಿಂದ ವಾಪಸ್. ವೇಗಸ್‌ನಿಂದ ಜಯಾನ್ ಬಾಗಿಲಿನ ಸ್ಪ್ರಿಂಗ್‌ಡೇಲ್ ಊರಿಗೆ ಸುಮಾರು 160 ಮೈಲಿ. ನೆವಾಡಾ ದಾಟಿ ಯೂಟಾಕ್ಕೆ ಬಂದಾಗ ಗಡಿಯಾರ ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಹೋಟೆಲ್ ಸೇರುವ ಸಮಯವನ್ನು ಅದನ್ನು ಸೇರಿಸಿಯೇ ಲೆಕ್ಕ ಹಾಕಿ. ಸ್ಪ್ರಿಂಗ್‌ಡೇಲ್‌ನಲ್ಲಿ ಎರಡು ರಾತ್ರಿ, ಬ್ರೈಸ್ ಬಳಿ ಒಂದು, ಕ್ಯಾಪಿಟಲ್ ರೀಫ್ ಪಕ್ಕದ ಟೋರಿಯಲ್ಲಿ ಎರಡು, ಆರ್ಚಸ್ ಮತ್ತು ಕ್ಯಾನಿಯನ್‌ಲ್ಯಾಂಡ್ಸ್‌ಗಾಗಿ ಮೋಆಬ್‌ನಲ್ಲಿ ಎರಡು. ಒಟ್ಟು ಏಳು ರಾತ್ರಿ.

ಕಾಲ ಆರಿಸುವಾಗ ಶಾಲೆಯ ರಜೆ ಅಡ್ಡ ಬರುತ್ತದೆ. ಏಪ್ರಿಲ್‌, ಮೇ ಅಥವಾ ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಒಳ್ಳೆಯದು. ಜೂನ್, ಜುಲೈಯಲ್ಲಿ ಜಯಾನ್ ಮತ್ತು ಮೋಆಬ್‌ನಲ್ಲಿ 38 ಡಿಗ್ರಿ ಸೆಲ್ಸಿಯಸ್ ದಾಟುವುದು ಮಾಮೂಲು. ಜುಲೈಯಿಂದ ಸೆಪ್ಟೆಂಬರ್‌ವರೆಗೆ ಮಧ್ಯಾಹ್ನದ ಗುಡುಗು ಮಳೆ. ಬೇಸಿಗೆ ಬಿಟ್ಟು ಬೇರೆ ದಾರಿಯೇ ಇಲ್ಲದಿದ್ದರೆ ಬೆಳಿಗ್ಗೆ ಆರಕ್ಕೆ ನಡೆಯಲು ಶುರು ಮಾಡಿ, ಹತ್ತಕ್ಕೆ ಕಾರಿಗೆ ಮರಳಿ. ಇನ್ನೊಂದು ಸಂಗತಿಯನ್ನು ಹೆಚ್ಚಿನವರು ಯೋಚಿಸುವುದಿಲ್ಲ. ಜೂನ್‌ನಲ್ಲಿ ಆಕಾಶ ಪೂರ್ತಿ ಕತ್ತಲಾಗುವುದು ರಾತ್ರಿ ಹತ್ತೂವರೆಗೆ, ಅಷ್ಟರಲ್ಲಿ ಮಗು ನಿದ್ದೆ ಹೋಗಿರುತ್ತದೆ. ಅಕ್ಟೋಬರ್‌ನಲ್ಲಿ ಎಂಟಕ್ಕೇ ಕತ್ತಲು. ಪಂಚಾಂಗ ನೋಡಿ ಅಮಾವಾಸ್ಯೆ ಹತ್ತಿರದ ವಾರ ಆರಿಸಿದರೆ ಟೋರಿಯಲ್ಲಿ ಕ್ಷೀರಪಥ ಬರಿಗಣ್ಣಿಗೆ ಸ್ಪಷ್ಟವಾಗಿ ಕಾಣುತ್ತದೆ. ನಗರದಲ್ಲಿ ಹುಟ್ಟಿ ಬೆಳೆದ ಮಗುವಿಗೆ ಇದನ್ನು ತೋರಿಸಲೇಬೇಕು.

ಮಗು ನಿಮ್ಮದಲ್ಲ, ಒಡಹುಟ್ಟಿದವರದು. ಹಾಗಾಗಿ ಅದರ ತಂದೆ ತಾಯಿ ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರ ಕೈಲಿರಲಿ. ಪ್ರಯಾಣದ ದಿನಾಂಕ, ನಿಮ್ಮ ಹೆಸರು, ಚಿಕಿತ್ಸೆಗೆ ನೀವು ಒಪ್ಪಿಗೆ ಕೊಡಬಹುದು ಎಂಬ ವಾಕ್ಯ, ಮಗುವಿನ ಅಲರ್ಜಿಗಳು, ಈಗ ತೆಗೆದುಕೊಳ್ಳುತ್ತಿರುವ ಔಷಧಿ, ವಿಮೆ ಕಾರ್ಡಿನ ಎರಡೂ ಬದಿಯ ಪ್ರತಿ, ಇಷ್ಟಿರಬೇಕು. ಪಾರ್ಕುಗಳ ಬಹುಭಾಗದಲ್ಲಿ ಮೊಬೈಲ್ ಸಿಗ್ನಲ್ ಇಲ್ಲ. ಕೈ ಮುರಿದ ಮಗುವನ್ನು ಆಸ್ಪತ್ರೆಗೆ ಕರೆದೊಯ್ದು ನಿಂತಾಗ ಅಕ್ಕನಿಗೆ ಫೋನ್ ಮಾಡಿ ಕೇಳುತ್ತೇವೆ ಎಂಬ ಭರವಸೆ ಸಾಲದು. ಯೂಟಾದಲ್ಲಿ ಎಂಟು ವರ್ಷ ತುಂಬದ, 57 ಇಂಚಿಗಿಂತ ಕಡಿಮೆ ಎತ್ತರದ ಮಗುವಿಗೆ ಕಾರ್ ಸೀಟ್ ಅಥವಾ ಬೂಸ್ಟರ್ ಕಡ್ಡಾಯ. ಅಕ್ಕನ ಮನೆಯದನ್ನೇ ತೆಗೆದುಕೊಂಡು ಹೋಗಿ. ಬಾಡಿಗೆಯ ಸೀಟು ಹೇಗಿರುತ್ತದೋ ಸಿಕ್ಕ ಮೇಲೇ ಗೊತ್ತಾಗುವುದು.

ಪ್ರವೇಶ ಶುಲ್ಕದ ನಿಯಮ 2026ರ ಜನವರಿ 1ರಿಂದ ಬದಲಾಗಿದೆ. ಎಲ್ಲ ಪಾರ್ಕುಗಳಿಗೆ ಸಲ್ಲುವ ವಾರ್ಷಿಕ ಪಾಸ್ ಅಮೆರಿಕದ ನಿವಾಸಿಗಳಿಗೆ 80 ಡಾಲರ್, ಹೊರದೇಶದವರಿಗೆ 250. ಪಾಸ್ ಇಲ್ಲದೆ ಬರುವ ಹೊರದೇಶದ, 16 ವರ್ಷ ಮೇಲ್ಪಟ್ಟ ಪ್ರತಿಯೊಬ್ಬರೂ ಹನ್ನೊಂದು ಹೆಸರಾಂತ ಪಾರ್ಕುಗಳಲ್ಲಿ ಮಾಮೂಲು ಶುಲ್ಕದ ಮೇಲೆ 100 ಡಾಲರ್ ಕೊಡಬೇಕು. ಜಯಾನ್, ಬ್ರೈಸ್ ಆ ಪಟ್ಟಿಯಲ್ಲಿವೆ, ಉಳಿದ ಮೂರು ಇಲ್ಲ. ಬೆಂಗಳೂರಿನಿಂದಲೋ ಮೈಸೂರಿನಿಂದಲೋ ಬಂದ ಅಜ್ಜಿ ತಾತನನ್ನು ಜೊತೆಗೆ ಕರೆದೊಯ್ಯುವವರು ಈ ಲೆಕ್ಕವನ್ನು ಮೊದಲೇ ಮಾಡಿಕೊಳ್ಳಬೇಕು. ಅಮೆರಿಕದ ನಿವಾಸಿಯೇ ಎಂದು ನೋಡಲು ಗೇಟಿನಲ್ಲಿ ಡ್ರೈವಿಂಗ್ ಲೈಸೆನ್ಸಿನಂಥ ಗುರುತಿನ ಚೀಟಿ ಕೇಳುತ್ತಾರೆ. ಮಗು ಅಮೆರಿಕದಲ್ಲಿ ನಾಲ್ಕನೆಯ ತರಗತಿಯಲ್ಲಿದ್ದರೆ ಸೆಪ್ಟೆಂಬರ್ 1ರಿಂದ ಮರುವರ್ಷದ ಆಗಸ್ಟ್ 31ರವರೆಗೆ ಅದಕ್ಕೆ ಉಚಿತ ಪಾಸ್ ಉಂಟು. ‘ಎವೆರಿ ಕಿಡ್ ಔಟ್‌ಡೋರ್ಸ್’ ಜಾಲತಾಣದಲ್ಲಿ ಮಗುವಿನ ಕೈಯಲ್ಲೇ ಚಟುವಟಿಕೆ ಮಾಡಿಸಿ, ಚೀಟಿಯನ್ನು ಕಾಗದದಲ್ಲಿ ಮುದ್ರಿಸಿ ಇಟ್ಟುಕೊಳ್ಳಿ. ಮಗು ಕಾರಿನಲ್ಲಿ ಇದ್ದರೆ ಮಾತ್ರ ಅದು ನಡೆಯುತ್ತದೆ.

ಇನ್ನು ನೀರು. ಒಬ್ಬರಿಗೆ ದಿನಕ್ಕೆ ನಾಲ್ಕು ಲೀಟರ್ ಎಂದು ಪಾರ್ಕಿನವರು ಹೇಳುತ್ತಾರೆ, ಅದು ಉತ್ಪ್ರೇಕ್ಷೆಯಲ್ಲ. ಮಂಗಳೂರಿನ ಸೆಕೆಯಲ್ಲಿ ಬೆವರು ಇಳಿದು ಅಂಗಿ ಒದ್ದೆಯಾಗುತ್ತದೆ, ನೀರು ಕುಡಿಯಬೇಕೆಂದು ಗೊತ್ತಾಗುತ್ತದೆ. ಇಲ್ಲಿನ ಒಣ ಗಾಳಿಯಲ್ಲಿ ಬೆವರು ಚರ್ಮದ ಮೇಲೆ ನಿಲ್ಲುವುದೇ ಇಲ್ಲ. ಮಗು ಒಣಗಿದಂತೆ, ಆರಾಮಾಗಿರುವಂತೆ ಕಾಣುತ್ತದೆ. ಬಾಯಾರಿಕೆ ಎಂದು ಅದು ಹೇಳುವವರೆಗೆ ಕಾಯಬೇಡಿ. ಹದಿನೈದು ನಿಮಿಷಕ್ಕೊಮ್ಮೆ ನಿಂತು ನಾಲ್ಕು ಗುಟುಕು ಕುಡಿಸಿ. ಬಿಸಿಲಿನ ನಡಿಗೆಯಲ್ಲಿ ಗಂಟೆಗೆ ಅರ್ಧ ಲೀಟರ್ ಮಗುವಿಗೆ, ಒಂದು ಲೀಟರ್ ನಿಮಗೆ. ತಂದ ನೀರಿನಲ್ಲಿ ಅರ್ಧ ಮುಗಿದ ಕಡೆಯಿಂದ ಹಿಂದಿರುಗಬೇಕು, ನೋಡಲು ಹೊರಟ ಕಲ್ಲಿನ ಕಮಾನು ಕಣ್ಣಿಗೆ ಕಾಣುತ್ತಿದ್ದರೂ ಸರಿ.

ಬರೀ ನೀರು ಕುಡಿಸುತ್ತ ಹೋದರೆ ರಕ್ತದಲ್ಲಿ ಉಪ್ಪು ಇಳಿದು ತಲೆನೋವು, ವಾಂತಿ ಶುರುವಾಗುತ್ತದೆ. ಚಕ್ಕುಲಿ, ನಿಪ್ಪಟ್ಟು, ಉಪ್ಪು ಹಚ್ಚಿದ ಕಡಲೆಬೀಜ ಇಲ್ಲಿ ಔಷಧಿಯಷ್ಟೇ ಉಪಯುಕ್ತ. ಓಆರ್‌ಎಸ್ ಪೊಟ್ಟಣ ನಾಲ್ಕಾದರೂ ಇರಲಿ. ಮಾತಾಡುತ್ತಿದ್ದ ಮಗು ಸುಮ್ಮನಾಯಿತು, ಸಣ್ಣದಕ್ಕೆ ಅಳುತ್ತಿದೆ, ಮೂರು ನಾಲ್ಕು ಗಂಟೆಯಿಂದ ಮೂತ್ರಕ್ಕೆ ಹೋಗಿಲ್ಲ ಎಂದರೆ ಅದು ಹಠವಲ್ಲ, ಬಿಸಿಲು ತಾಗಿದೆ. ನೆರಳಿಗೆ ಕೂರಿಸಿ, ಅಂಗಿಯನ್ನೇ ನೀರಿನಲ್ಲಿ ನೆನೆಸಿ ತೊಡಿಸಿ. ಒದ್ದೆ ಬಟ್ಟೆ ಸುತ್ತಿದ ಮಣ್ಣಿನ ಹೂಜಿ ತಣ್ಣಗಾಗುವುದೂ ಹೀಗೆಯೇ, ಗಾಳಿ ಒಣಗಿದಷ್ಟೂ ತಂಪು ಹೆಚ್ಚು. ಮೂಗಿನೊಳಗೆ ರಾತ್ರಿ ಸ್ವಲ್ಪ ವ್ಯಾಸಲಿನ್ ಸವರಿದರೆ ಬೆಳಿಗ್ಗೆ ರಕ್ತ ಬರುವುದು ತಪ್ಪುತ್ತದೆ.

ದಿನಸಿಯನ್ನು ವೇಗಸ್‌ನಲ್ಲೇ ಕೊಂಡುಬಿಡಿ. ಪಾರ್ಕುಗಳ ಬಳಿ ಸಿಗುವುದು ಹೆಚ್ಚಾಗಿ ಚಿಕ್ಕ ಅಂಗಡಿಗಳು, ಬೆಲೆಯೂ ಹೆಚ್ಚು. ಅವಲಕ್ಕಿ, ಪುಳಿಯೋಗರೆ ಗೊಜ್ಜು, ಮೊಸರು, ಉಪ್ಪಿನಕಾಯಿ, ಒಂದು ಚಿಕ್ಕ ರೈಸ್ ಕುಕ್ಕರ್ ಇದ್ದರೆ ಮಗುವಿನ ಹೊಟ್ಟೆ ಕೆಡುವುದಿಲ್ಲ. ಆದರೆ ಬ್ರೈಸ್ ಎತ್ತರದಲ್ಲಿ ನೀರು ಸುಮಾರು 92 ಡಿಗ್ರಿಗೇ ಕುದಿಯುತ್ತದೆ. ಅಕ್ಕಿಗೆ ಹೆಚ್ಚು ನೀರು, ಹೆಚ್ಚು ಹೊತ್ತು ಬೇಕು. ತೊಗರಿಬೇಳೆ ತೆರೆದ ಪಾತ್ರೆಯಲ್ಲಿ ಬೇಯುವ ಮಾತೇ ಇಲ್ಲ.

ಜಯಾನ್ 1919ರಿಂದ ನ್ಯಾಷನಲ್ ಪಾರ್ಕ್. ವರ್ಷದ ಬಹುಕಾಲ ಮುಖ್ಯ ಕಣಿವೆಯೊಳಗೆ ಖಾಸಗಿ ಕಾರು ಬಿಡುವುದಿಲ್ಲ, ಉಚಿತ ಶಟಲ್ ಬಸ್ಸಿನಲ್ಲೇ ಹೋಗಬೇಕು. ಪಾರ್ಕಿಂಗ್ ಬೆಳಿಗ್ಗೆ ಎಂಟು ಒಂಬತ್ತಕ್ಕೆ ತುಂಬಿಬಿಡುತ್ತದೆ. ಸ್ಪ್ರಿಂಗ್‌ಡೇಲ್‌ನಲ್ಲಿ ಹೋಟೆಲ್ ಹಿಡಿದು, ಕಾರನ್ನು ಅಲ್ಲೇ ಬಿಟ್ಟು, ಊರಿನ ಶಟಲ್ ಹತ್ತಿ ಬಂದರೆ ಆ ತಲೆನೋವಿಲ್ಲ. ಮೊದಲ ಬಸ್ಸುಗಳಲ್ಲೇ ಕೊನೆಯ ನಿಲ್ದಾಣಕ್ಕೆ ಹೋಗಿ, ಅಲ್ಲಿಂದ ನದಿಯ ಪಕ್ಕದ ರಿವರ್‌ಸೈಡ್ ವಾಕ್ ಮಾಡಿ. ಹೋಗಿ ಬರಲು 2.2 ಮೈಲಿ, ಹೆಚ್ಚುಕಡಿಮೆ ಸಮತಟ್ಟು, ನೆರಳೂ ಇದೆ. ದಾರಿ ಮುಗಿದ ಕಡೆಯಿಂದ ವರ್ಜಿನ್ ನದಿಯೊಳಗೆ ಇಳಿದು ನಡೆಯುವುದೇ ನ್ಯಾರೋಸ್ ಎಂಬ ಇಕ್ಕಟ್ಟು ಕಣಿವೆಯ ನಡಿಗೆ. ಮಗುವಿನ ಮೊಣಕಾಲು ಮುಳುಗುವವರೆಗೆ ಸಾಕು. ಎರಡು ಎಚ್ಚರಿಕೆ. ಈ ನದಿಯಲ್ಲಿ ಸಯನೋಬ್ಯಾಕ್ಟೀರಿಯಾ ಎಂಬ, ಪಾಚಿಯಂಥ ಸೂಕ್ಷ್ಮಜೀವಿಯ ವಿಷ 2020ರಿಂದ ಪತ್ತೆಯಾಗಿದೆ. ಫಿಲ್ಟರ್ ಮಾಡಿದರೂ ಕುದಿಸಿದರೂ ಅದು ಹೋಗುವುದಿಲ್ಲ. ತಲೆ ಮುಳುಗಿಸುವುದು, ಬಾಯಿಗೆ ನೀರು ಹಾಕಿಕೊಳ್ಳುವುದು ಬೇಡ, ತಿನ್ನುವ ಮೊದಲು ಶುದ್ಧ ನೀರಿನಲ್ಲಿ ಕೈ ತೊಳೆಸಿ. ಎರಡನೆಯದು ಹಠಾತ್ ಪ್ರವಾಹ. ತಲೆಯ ಮೇಲೆ ಆಕಾಶ ನೀಲಿಯಾಗಿದ್ದರೂ ಮೈಲಿಗಟ್ಟಲೆ ದೂರದ ಮಳೆ ಇಲ್ಲಿಗೆ ಬರುತ್ತದೆ, ಏಕೆಂದರೆ ಬೋಳುಬಂಡೆ ನೀರು ಕುಡಿಯುವುದಿಲ್ಲ. 2015ರ ಸೆಪ್ಟೆಂಬರ್‌ನಲ್ಲಿ ಇದೇ ಪಾರ್ಕಿನ ಕೀಹೋಲ್ ಕಣಿವೆಯಲ್ಲಿ ಏಳು ಜನ ಸತ್ತದ್ದು ಹೀಗೆ. ಆ ದಿನದ ಪ್ರವಾಹದ ಅಂದಾಜನ್ನು ವಿಸಿಟರ್ ಸೆಂಟರಿನಲ್ಲಿ ಹಾಕಿರುತ್ತಾರೆ, ನೋಡಿಯೇ ಹೊರಡಿ. ನೀರು ಕೆಂಪಗೆ ಕದಡಿತು, ಕಡ್ಡಿ ಕಸ ತೇಲಿ ಬಂತು ಎಂದರೆ ಮಗುವನ್ನು ಎತ್ತಿಕೊಂಡು ಪಕ್ಕದ ಎತ್ತರಕ್ಕೆ ಏರಿ. ನದಿಯ ಇಳಿಜಾರಿನ ದಿಕ್ಕಿಗೆ ಓಡಬಾರದು.

ಜಯಾನ್‌ನ ಏಂಜಲ್ಸ್ ಲ್ಯಾಂಡಿಂಗ್ ಬಂಡೆ ಹತ್ತಲು 2022ರಿಂದ ಲಾಟರಿ ಪರ್ಮಿಟ್ ಬೇಕು. ಸರಪಳಿ ಹಿಡಿದು, ಎರಡೂ ಕಡೆ ಪ್ರಪಾತವಿರುವ ಕಿರಿದಾದ ಬೆಟ್ಟದ ಬೆನ್ನಿನ ಮೇಲೆ ಹೋಗುವ ದಾರಿ ಅದು. ಮಗುವಿನ ಜೊತೆ ಬೇಡವೇ ಬೇಡ. ಬದಲಿಗೆ ಮರುದಿನ ಪೂರ್ವಕ್ಕೆ ಹೊರಟಾಗ, 1930ರಲ್ಲಿ ಮುಗಿದ 1.1 ಮೈಲಿಯ ಸುರಂಗ ದಾಟಿದ ಕೂಡಲೇ ಕ್ಯಾನಿಯನ್ ಓವರ್‌ಲುಕ್ ಹಾದಿ ಸಿಗುತ್ತದೆ. ಒಟ್ಟು ಒಂದು ಮೈಲಿ, ಕೈ ಹಿಡಿದು ನಡೆಸಿದರೆ ಮಗುವಿಗೂ ಎತ್ತರದ ನೋಟ ಸಿಗುತ್ತದೆ. ಮುಂದೆ ಚೆಕರ್‌ಬೋರ್ಡ್ ಮೇಸಾ ಎಂಬ ಬಂಡೆಬೆಟ್ಟದಲ್ಲಿ ಓರೆ ಗೆರೆಗಳನ್ನು ತೋರಿಸಿ. ಡೈನೋಸಾರ್ ಕಾಲದ ಮರಳ ದಿಬ್ಬಗಳ ಮೇಲೆ ಗಾಳಿ ಬರೆದ ಗೆರೆ ಅವು. ಬಾದಾಮಿಯ ಕೆಂಪು ಮರಳುಗಲ್ಲು ನೋಡಿದ ಮಗುವಿಗೆ ಇದು ಬೇಗ ಅರ್ಥವಾಗುತ್ತದೆ.

ಅಲ್ಲಿಂದ ಬ್ರೈಸ್‌ಗೆ ಎರಡು ಗಂಟೆ. ಬ್ರೈಸ್‌ನ ಅಂಚು 8,000 ಅಡಿಗೂ ಮೇಲೆ, ಅಂದರೆ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 500 ಮೀಟರ್ ಎತ್ತರ. ಮೇ ತಿಂಗಳಲ್ಲೂ ರಾತ್ರಿ ನೀರು ಹೆಪ್ಪುಗಟ್ಟಬಹುದು. ಬಿರುಕಿನೊಳಗಿನ ನೀರು ರಾತ್ರಿ ಹೆಪ್ಪಾಗಿ ಹಗಲು ಕರಗುತ್ತಾ ಕಲ್ಲನ್ನು ಸೀಳಿದ್ದರಿಂದಲೇ ಇಲ್ಲಿನ ಹೂಡೂ ಎಂಬ ಕಲ್ಲಿನ ಕಂಬಗಳು ಆದದ್ದು. ಹಾಗಾಗಿ ಮರುಭೂಮಿ ಎಂದುಕೊಂಡು ಟಿ ಶರ್ಟ್ ಮಾತ್ರ ತರಬೇಡಿ, ದಪ್ಪ ಸ್ವೆಟರ್ ಮತ್ತು ಟೋಪಿ ಬೇಕು. ಬೆಳಿಗ್ಗೆ ಸನ್‌ರೈಸ್ ಪಾಯಿಂಟ್‌ನಿಂದ ಕ್ವೀನ್ಸ್ ಗಾರ್ಡನ್ ಮೂಲಕ ಇಳಿದು, ನವಾಹೋ ಲೂಪ್‌ನಲ್ಲಿ ಹತ್ತಿ ಬನ್ನಿ. 2.9 ಮೈಲಿ, ಸುಮಾರು 600 ಅಡಿ ಇಳಿದು ಏರಬೇಕು. ದೊಡ್ಡವರಿಗೆ ಎರಡು ಗಂಟೆ, ಮಗುವಿನ ಜೊತೆ ಮೂರೂವರೆ. ಇಳಿಯುವಾಗ ಎಲ್ಲ ಮಕ್ಕಳೂ ಓಡುತ್ತಾರೆ, ಏರು ಕೊನೆಯಲ್ಲಿ ಬರುತ್ತದೆ ಎಂಬುದನ್ನು ನೀವು ನೆನಪಿಡಬೇಕು. ಪಾದ ಉಳುಕುವುದು ಇಲ್ಲಿ ಹೆಚ್ಚು, ತಳ ಸವೆದ ಸ್ಕೂಲ್ ಶೂ ನಡೆಯುವುದಿಲ್ಲ. ಗುಡುಗು ಕೇಳಿದರೆ ಅಂಚು ಬಿಟ್ಟು ಕಾರಿಗೆ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಕಾಯಿರಿ.

ಬ್ರೈಸ್‌ನಿಂದ ಟೋರಿಗೆ ಹೆದ್ದಾರಿ 12. ಸುಮಾರು 120 ಮೈಲಿ, ಮೂರು ಗಂಟೆ. ಎಸ್ಕಲಾಂಟೆ ಮತ್ತು ಬೌಲ್ಡರ್ ನಡುವೆ ಬೆಟ್ಟದ ಬೆನ್ನಿನ ಮೇಲೆ, ಎರಡೂ ಕಡೆ ಇಳಿಜಾರಿರುವ ರಸ್ತೆ, ಆಮೇಲೆ 9,600 ಅಡಿಯ ಬೆಟ್ಟ. ವಾಂತಿ ಬರುವ ಮಗುವಿಗೆ ಹೊರಡುವ ಮೊದಲು ಹೊಟ್ಟೆ ತುಂಬ ತಿನ್ನಿಸಬೇಡಿ, ಕೈಗೆ ಟ್ಯಾಬ್ಲೆಟ್ಟೂ ಕೊಡಬೇಡಿ. ಸೂರ್ಯ ಮುಳುಗುವ ಮೊದಲು ಟೋರಿ ಸೇರಿ, ಕತ್ತಲಾದ ಮೇಲೆ ಜಿಂಕೆ ಮತ್ತು ದನಗಳು ರಸ್ತೆಗೆ ಬರುತ್ತವೆ.

ಅವಸರದವರು ಕ್ಯಾಪಿಟಲ್ ರೀಫ್ ಬಿಟ್ಟು ಹೋಗುತ್ತಾರೆ. ಮಕ್ಕಳಿದ್ದರೆ ನಮ್ಮ ಮೊದಲ ಆಯ್ಕೆ ಇದೇ. ಇಲ್ಲಿ ಮಾರ್ಮನ್ ಎಂಬ ಕ್ರೈಸ್ತ ಪಂಥದ ವಲಸಿಗರು ನೆಟ್ಟ ಫ್ರೂಟಾ ಹಣ್ಣಿನ ತೋಟಗಳಿವೆ. ತೆರೆದಿದೆ ಎಂಬ ಫಲಕವಿದ್ದ ತೋಟದಲ್ಲಿ ಕಿತ್ತು ಅಲ್ಲೇ ತಿಂದರೆ ದುಡ್ಡಿಲ್ಲ, ಮನೆಗೆ ಒಯ್ಯುವುದನ್ನು ತೂಗಿ ಹಣ ಪೆಟ್ಟಿಗೆಗೆ ಹಾಕಬೇಕು. ಜೂನ್‌ನಲ್ಲಿ ಚೆರ್ರಿ, ಆಗಸ್ಟ್‌ನಲ್ಲಿ ಪೀಚ್, ಸೆಪ್ಟೆಂಬರ್‌ನಿಂದ ಸೇಬು. ವಸಂತದಲ್ಲಿ ಹಿಮ ಬಿದ್ದ ವರ್ಷ ಫಸಲು ಇರುವುದಿಲ್ಲ. ಹೆದ್ದಾರಿ 24ರ ಪಕ್ಕದಲ್ಲೇ ಫ್ರೀಮಾಂಟ್ ಎಂಬ ಪ್ರಾಚೀನ ಮೂಲನಿವಾಸಿ ಜನ ಕೆತ್ತಿದ ಬಂಡೆಚಿತ್ರಗಳಿವೆ, ಮರದ ಹಲಗೆಯ ದಾರಿಯಿಂದ ನೋಡಬಹುದು. ಹಿಕ್‌ಮನ್ ಬ್ರಿಡ್ಜ್ ನಡಿಗೆ 1.8 ಮೈಲಿ, 400 ಅಡಿ ಏರು. ಬೆಳಿಗ್ಗೆ ಇದು, ಮಧ್ಯಾಹ್ನ ತೋಟದ ನೆರಳು.

ಟೋರಿಯಿಂದ ಮೋಆಬ್ 150 ಮೈಲಿ. ಹ್ಯಾಂಕ್ಸ್‌ವಿಲ್‌ನಲ್ಲಿ ಪೆಟ್ರೋಲ್ ತುಂಬಿಸಿ, ಶೌಚಾಲಯಕ್ಕೂ ಹೋಗಿ ಬನ್ನಿ, ಮುಂದೆ ಗ್ರೀನ್ ರಿವರ್‌ವರೆಗೆ ಏನೂ ಇಲ್ಲ.

ಆರ್ಚಸ್‌ನಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕಲ್ಲಿನ ಕಮಾನುಗಳಿವೆ. 2022ರಿಂದ ಕೆಲವು ವರ್ಷ ಮೊದಲೇ ಸಮಯ ಕಾಯ್ದಿರಿಸಬೇಕಿತ್ತು. ಈ ನಿಯಮ ಬದಲಾಗುತ್ತಲೇ ಇರುವುದರಿಂದ ಪಾರ್ಕಿನ ಅಧಿಕೃತ ತಾಣ ನೋಡಿ ಹೊರಡಿ. ಕಾಯ್ದಿರಿಸುವುದು ಬೇಡದ ದಿನಗಳಲ್ಲಿ ಏಳಕ್ಕೆ ಮೊದಲು ಒಳಗಿರಿ, ತುಂಬಿದ ಮೇಲೆ ಗೇಟನ್ನೇ ಗಂಟೆಗಟ್ಟಲೆ ಮುಚ್ಚುತ್ತಾರೆ. ನೀರು ಸಿಗುವುದು ವಿಸಿಟರ್ ಸೆಂಟರ್ ಮತ್ತು ಡೆವಿಲ್ಸ್ ಗಾರ್ಡನ್‌ನಲ್ಲಿ ಮಾತ್ರ. ಡೆಲಿಕೇಟ್ ಆರ್ಚ್ ಮೂರು ಮೈಲಿ, ನೆರಳೇ ಇಲ್ಲ, ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಬೇಕು. ಕೊನೆಯ ಇನ್ನೂರು ಗಜ ಬಂಡೆಯ ಅಂಚಿನ ದಾರಿ: ಮಗು ಗೋಡೆಯ ಬದಿಗೆ, ನೀವು ಹೊರಬದಿಗೆ. ಕಮಾನಿನ ಬುಡದಲ್ಲಿ ಬಂಡೆ ಬಟ್ಟಲಿನಂತೆ ಜಾರುತ್ತದೆ, ಅಲ್ಲಿ ಓಡಾಟ ಬೇಡ. ಎಂಟು ವರ್ಷದ ಒಳಗಿನವರಿಗೆ ಇದರ ಬದಲು ಸ್ಯಾಂಡ್ ಡ್ಯೂನ್ ಆರ್ಚ್ ಎಷ್ಟೋ ಮೇಲು. 0.3 ಮೈಲಿ, ಎರಡು ಎತ್ತರದ ಗೋಡೆಗಳ ನಡುವೆ ತಂಪಾದ ಮರಳು. ಒಂದು ಗಂಟೆ ಆಡಲು ಬಿಡಿ.

ದಾರಿ ಬಿಟ್ಟು ಕಾಲಿಡಬಾರದು ಎಂಬುದಕ್ಕೆ ಕಾರಣವನ್ನು ಮಗುವಿಗೆ ತೋರಿಸಿಯೇ ಹೇಳಿ. ಮರಳಿನ ಮೇಲೆ ಕಪ್ಪು ಹಕ್ಕಳೆಯಂತೆ ಉಬ್ಬಿರುವುದು ಜೀವಂತ ಮಣ್ಣು. ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಮರಳನ್ನು ಹಿಡಿದಿಟ್ಟಿವೆ. ಒಂದು ಹೆಜ್ಜೆಗೆ ಪುಡಿಯಾದದ್ದು ಮತ್ತೆ ಬೆಳೆಯಲು ದಶಕಗಳು ಬೇಕು. ಪಾಪಾಸುಕಳ್ಳಿಯ ಕಣ್ಣಿಗೆ ಕಾಣದ ಮುಳ್ಳು ಚುಚ್ಚಿದರೆ ಅಂಟುಪಟ್ಟಿ ಒತ್ತಿ ಎಳೆಯಿರಿ, ಉಳಿದದ್ದಕ್ಕೆ ಚಿಮಟ. ಮಗುವಿನ ಕೊರಳಿಗೊಂದು ಸೀಟಿ ಇರಲಿ. ದಾರಿ ತಪ್ಪಿದರೆ ಇದ್ದಲ್ಲೇ ನಿಂತು ಮೂರು ಸಲ ಊದಬೇಕು ಎಂದು ಮೊದಲ ದಿನವೇ ಅಭ್ಯಾಸ ಮಾಡಿಸಿ.

ಕ್ಯಾನಿಯನ್‌ಲ್ಯಾಂಡ್ಸ್‌ಗೆ ಅರ್ಧ ದಿನ ಸಾಕು. ಐಲ್ಯಾಂಡ್ ಇನ್ ದ ಸ್ಕೈ ಭಾಗದಲ್ಲಿ ಮೇಸಾ ಆರ್ಚ್ ನೋಡಿ. ಅಂಚಿಗೆ ಬೇಲಿಯಿಲ್ಲ, ಕೈ ಬಿಡಬೇಡಿ.

ಪ್ರತಿ ಪಾರ್ಕಿನಲ್ಲೂ ಹೋದ ಕೂಡಲೇ ವಿಸಿಟರ್ ಸೆಂಟರಿನಲ್ಲಿ ಜೂನಿಯರ್ ರೇಂಜರ್ ಪುಸ್ತಕ ಕೇಳಿ ಪಡೆಯಿರಿ. ಮಗು ಅದರ ಚಟುವಟಿಕೆ ಮುಗಿಸಿ ರೇಂಜರಿಗೆ, ಅಂದರೆ ಪಾರ್ಕಿನ ಸಿಬ್ಬಂದಿಗೆ, ತೋರಿಸಿದರೆ ಪ್ರತಿಜ್ಞೆ ಮಾಡಿಸಿ ಬ್ಯಾಡ್ಜ್ ಕೊಡುತ್ತಾರೆ. ಸಂಜೆ ಐದರ ಸುಮಾರಿಗೆ ಸೆಂಟರ್ ಮುಚ್ಚಬಹುದು, ಕೊನೆಯ ಗಂಟೆಗೆ ಬಿಟ್ಟರೆ ಬ್ಯಾಡ್ಜ್ ಸಿಗದೆ ಮಗು ಅಳುತ್ತದೆ. ಮಧ್ಯಾಹ್ನದ ನೆರಳಿನ ಹೊತ್ತಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ.

ಎಂಟನೆಯ ದಿನ ಮೋಆಬ್‌ನಿಂದ ಸಾಲ್ಟ್ ಲೇಕ್‌ಗೆ ನಾಲ್ಕು ಗಂಟೆ. ಹೊರಡುವ ಮೊದಲು ಶೂಗಳ ಮರಳು ಕೊಡವಿ, ಮಗುವಿನ ಜೇಬುಗಳನ್ನೂ ನೋಡಿ. ಕೆಂಪು ಕಲ್ಲೊಂದು ಇದ್ದೇ ಇರುತ್ತದೆ. ಪಾರ್ಕಿನಿಂದ ಕಲ್ಲು ಒಯ್ಯುವುದು ಕಾನೂನಿಗೆ ವಿರುದ್ಧ. ಎತ್ತಿಕೊಂಡ ಜಾಗದಲ್ಲೇ ಅದನ್ನು ಮಗುವಿನ ಕೈಯಿಂದಲೇ ಇಡಿಸಿ ಹೊರಡಿ.